ತಾಳ ತಪ್ಪಿದ ಐಡಲ್

ಈಗ ನೀವು ಕೇಳುತ್ತಿರುವುದು ಫೋರ್ಡ್ 8ಎನ್ ಟ್ರ್ಯಾಕ್ಟರಿನ ಐಡಲ್ ಸದ್ದು, ಅಂದರೆ ಎಂಜಿನ್ ಕೆಲಸವಿಲ್ಲದೆ ತೀರಾ ನಿಧಾನವಾಗಿ ಓಡುವಾಗಿನ ಸದ್ದು. 1947ರಿಂದ 1952ರವರೆಗೆ ತಯಾರಾದ ಈ ಮಾದರಿಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಸುಸ್ಥಿತಿಯಲ್ಲಿದ್ದರೆ ನಿಮಿಷಕ್ಕೆ ಸುಮಾರು 400 ಸುತ್ತುಗಳಲ್ಲಿ ಒಂದೇ ಸಮನೆ ಓಡಬೇಕು. ಇದಾದರೋ ಸ್ವಲ್ಪ ಹೊತ್ತು ಸರಿಯಾಗಿ ಬಡಿದು, ಏದುಸಿರು ಬಿಟ್ಟಂತೆ ಕುಗ್ಗಿ, ಇನ್ನೇನು ನಿಂತೇ ಹೋಯಿತು ಎನ್ನುವಷ್ಟರಲ್ಲಿ ಮತ್ತೆ ಏರುತ್ತದೆ. ಥ್ರಾಟಲ್ (ಎಂಜಿನ್ನಿಗೆ ಹೋಗುವ ಗಾಳಿ-ಪೆಟ್ರೋಲಿನ ಬಾಗಿಲು) ತೆರೆದ ಕೂಡಲೇ ಎಲ್ಲ ಸರಿಹೋಗುತ್ತಿದ್ದುದರಿಂದ ಎರಡು ವಾರ ನಾನಿದನ್ನು ಕಡೆಗಣಿಸಿದ್ದೆ.

ಇಂಥ ಹೊತ್ತಿನಲ್ಲಿ ಕೈ ನೇರವಾಗಿ, ಗಾಳಿ-ಪೆಟ್ರೋಲನ್ನು ಬೆರೆಸುವ ಕಾರ್ಬ್ಯುರೇಟರಿನ ಐಡಲ್ ಸ್ಕ್ರೂವಿಗೆ ಹೋಗುತ್ತದೆ, ನನ್ನದೂ ಹೋಯಿತು. ಈ ಕಾರ್ಬ್ಯುರೇಟರಿನಲ್ಲಿ ಆ ಸ್ಕ್ರೂ ಹಿಡಿತದಲ್ಲಿಡುವುದು ಪೆಟ್ರೋಲನ್ನಲ್ಲ, ಗಾಳಿಯನ್ನು. ಹಾಗಾಗಿ ಅದನ್ನು ಒಳಕ್ಕೆ ತಿರುಗಿಸಿದಷ್ಟೂ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಮೆಲ್ಲಗೆ ಪೂರ್ತಿ ಒಳಕ್ಕೆ ಕೂರಿಸಿ, ಒಂದು ಸುತ್ತು ಹೊರಕ್ಕೆ ತೆಗೆದು ಅಲ್ಲಿಂದ ಹೊಂದಿಸುವುದು ವಾಡಿಕೆ. ನಾನು ಕಾಲು ಸುತ್ತಿಗೆ ಇಳಿಸಿದ ಮೇಲಷ್ಟೇ ಎಂಜಿನ್ ತುಸು ಸಮಾಧಾನಗೊಂಡಿತು. ಇಷ್ಟೊಂದು ಪೆಟ್ರೋಲು ಕೇಳುತ್ತಿದೆ ಎಂದರೆ ಲೆಕ್ಕಕ್ಕೆ ಸಿಗದ ಗಾಳಿ ಎಲ್ಲಿಂದಲೋ ಒಳನುಗ್ಗುತ್ತಿದೆ ಎಂದು ನನಗೆ ಆಗಲೇ ಹೊಳೆಯಬೇಕಿತ್ತು.

ಆದರೂ ಮೊದಲು ಕಿಡಿಯನ್ನು ನೋಡಿದೆ. ಎಂಜಿನ್ ಓಡುತ್ತಿರುವಾಗಲೇ, ಒಳ್ಳೆಯ ಹಿಡಿಯಿರುವ ಸ್ಕ್ರೂಡ್ರೈವರಿನಿಂದ ಒಂದೊಂದೇ ಪ್ಲಗ್ಗಿನ ತುದಿಯನ್ನು ಹೆಡ್ಡಿಗೆ ಮುಟ್ಟಿಸಿದರೆ ಆ ಸಿಲಿಂಡರ್ ಕೆಲಸ ನಿಲ್ಲಿಸುತ್ತದೆ. ಸದ್ದು ಕುಗ್ಗದಿದ್ದರೆ ಮೊದಲಿನಿಂದಲೂ ಸೋಮಾರಿಯಾಗಿದ್ದುದು ಅದೇ. ಇಲ್ಲಿ ನಾಲ್ಕೂ ಸಮನಾಗಿ ಕುಗ್ಗಿದವು. ಪ್ಲಗ್ಗಿನ ಅಂತರ 0.025 ಇಂಚು ಸರಿಯಾಗಿಯೇ ಇತ್ತು, ಕಿಡಿಯ ಹೊತ್ತನ್ನು ನಿರ್ಧರಿಸುವ ಪಾಯಿಂಟುಗಳೂ ಶುಭ್ರವಾಗಿದ್ದವು.

ಎರಡನೆಯ ಅನುಮಾನ, ಎಂಜಿನ್ನಿನ ವೇಗವನ್ನು ತಾನೇ ಹಿಡಿತದಲ್ಲಿಡುವ ಗವರ್ನರಿನ ಮೇಲೆ. ಅದರ ಸರಳನ್ನು ಕಾರ್ಬ್ಯುರೇಟರಿನಿಂದ ಕಳಚಿ, ಥ್ರಾಟಲನ್ನು ನಿಲುಗಡೆ ಸ್ಕ್ರೂವಿಗೆ ಒತ್ತಿ ಕೈಯಲ್ಲೇ ಹಿಡಿದೆ. ಸರಳು ಕಳಚಿದ ಮೇಲೆ ವೇಗಕ್ಕೆ ಕಡಿವಾಣವೇ ಇರುವುದಿಲ್ಲವಾದ್ದರಿಂದ ಈ ಕೆಲಸದಲ್ಲಿ ಕೈ ಜಾರುವಂತಿಲ್ಲ. ದೊಡ್ಡ ಏರಿಳಿತ ನಿಂತಿತು, ಆದರೆ ಎಂಜಿನ್ ಆಗಲೂ ತಡವರಿಸುತ್ತಲೇ ಇತ್ತು. ಗವರ್ನರ್ ದೋಷವನ್ನು ಹಿಗ್ಗಿಸಿ ತೋರಿಸುತ್ತಿತ್ತೇ ಹೊರತು ದೋಷದ ಮೂಲ ಅದಲ್ಲ.

ಉಳಿದದ್ದು ಗಾಳಿ. ಥ್ರಾಟಲ್ ಮುಚ್ಚಿದ್ದಾಗ ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಅಲ್ಪ, ಸಿಲಿಂಡರುಗಳಿಗೆ ಗಾಳಿ ಸಾಗಿಸುವ ಮ್ಯಾನಿಫೋಲ್ಡಿನೊಳಗಿನ ಎಳೆತವೋ ಅತಿ ಜೋರು. ಕೂದಲೆಳೆಯಷ್ಟು ಸಂದಿದ್ದರೂ ಅದರಿಂದ ಬರುವ ಗಾಳಿ ಒಟ್ಟು ಗಾಳಿಯಲ್ಲಿ ದೊಡ್ಡ ಪಾಲಾಗುತ್ತದೆ. ಥ್ರಾಟಲ್ ತೆರೆದರೆ ಅದೇ ಸಂದು ಲೆಕ್ಕಕ್ಕೇ ಬರುವುದಿಲ್ಲ. ಸಂದು ಹುಡುಕಲು ಉರಿಯುವ ಸ್ಪ್ರೇ ಹೊಡೆಯುವವರಿದ್ದಾರೆ. ಈ ಎಂಜಿನ್ನಿನಲ್ಲಿ ಗಾಳಿಯ ದಾರಿಯೂ ಹೊಗೆಯ ದಾರಿಯೂ ಒಂದೇ ಎರಕದೊಳಗಿರುವುದರಿಂದ, ಕಾದ ಕಬ್ಬಿಣದ ಮೇಲೆ ಅಂಥದ್ದನ್ನು ಹಾರಿಸುವ ಧೈರ್ಯ ನನಗಿಲ್ಲ. ಎಂಜಿನ್ ತಣ್ಣಗಿರುವಾಗ ಚಾಲೂ ಮಾಡಿ, ದಪ್ಪ ಎಣ್ಣೆಯನ್ನು ಕುಂಚದಲ್ಲಿ ಒಂದೊಂದೇ ಜೋಡಣೆಗೆ ಹಚ್ಚುತ್ತಾ ಹೋದೆ. ಜೋಡಣೆಯ ಸಂದು ಮುಚ್ಚುವ ಗ್ಯಾಸ್ಕೆಟ್ಟಿಗೆ ಹಚ್ಚಿದಾಗ ಏನೂ ಆಗಲಿಲ್ಲ. ಥ್ರಾಟಲನ್ನು ತಿರುಗಿಸುವ ಶಾಫ್ಟಿನ ತುದಿಗೆ ಹಚ್ಚಿದ ಎಣ್ಣೆ, ಇಲ್ಲಿ ಹತ್ತಿರದಿಂದ ನೋಡಿ, ಒಂದು ಗುಳ್ಳೆಯೂ ಇಲ್ಲದೆ ಸರ್ರನೆ ಒಳಕ್ಕೆ ಹೀರಿಹೋಯಿತು. ಮೂರು ನಾಲ್ಕು ಕ್ಷಣ ಐಡಲ್ ಗಡಿಯಾರದಂತೆ ನಿಂತು, ಮತ್ತೆ ಕೆಟ್ಟಿತು. ಎಂಜಿನ್ ನಿಲ್ಲಿಸಿ ಉಗುರಿನಿಂದ ಮೀಟಿದರೆ ಶಾಫ್ಟು ತೂತಿನಲ್ಲಿ ಟಕಟಕ ಎನ್ನುತ್ತಿತ್ತು. ಎಪ್ಪತ್ತು ವರ್ಷ ತಿರುಗಿದ ಲೋಹ ಸವೆಯದೆ ಇನ್ನೇನಾದೀತು?

ತೂತನ್ನು ರೀಮ್ ಮಾಡಿಸಿ (ನಯವಾಗಿ ಅಗಲಿಸಿ), ಕಂಚಿನ ಬುಷ್, ಅಂದರೆ ಒಳತೋಳು, ಕೂರಿಸಿ, ಹೊಸ ಶಾಫ್ಟ್ ಹಾಕಿದ್ದಾಯಿತು. ಈಗ ಐಡಲ್ ಸ್ಕ್ರೂ ಒಂದೂ ಕಾಲು ಸುತ್ತು ಹೊರಗಿದೆ. ಸೈಲೆನ್ಸರಿನ ಬಾಯಿಗೆ ಹಿಡಿದ ಈ ಕಾಗದ ಒಮ್ಮೆಯೂ ಒಳಕ್ಕೆ ಸೆಳೆದುಕೊಳ್ಳದೆ, ಹೊರಕ್ಕೇ, ಒಂದೇ ಸಮನೆ ಬಡಿದುಕೊಳ್ಳುತ್ತಿದೆ: ಎಂಜಿನ್ ತಾಳ ತಪ್ಪುತ್ತಿಲ್ಲ ಎಂಬುದರ ಗುರುತು.