ನೆರವಿನ ವಿಮಾನ ಇಳಿದ ಮೇಲೆ
(ಮೈಸೂರಿನಲ್ಲಿ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮೈಸೂರು, ಮಂಡ್ಯಗಳಿಂದ ಅಕ್ಕಿ, ಚಾಪೆ, ಕಂಬಳಿ ಹೊತ್ತ ಲಾರಿಗಳು ಹೊರಟವು. ಹುಣಸೂರು ದಾಟಿ ಕುಶಾಲನಗರ ಸೇರಿದರೆ ಇಳಿಸಿಕೊಳ್ಳುವವರು ನಮ್ಮವರೇ. ಏನು ಬೇಕೆಂದು ಫೋನಿನಲ್ಲೇ ಕೇಳಬಹುದಿತ್ತು. ಅದೇ ನೆರವು ದೇಶದ ಗಡಿ ದಾಟುವಾಗ ಭಾಷೆ, ಕಸ್ಟಮ್ಸ್, ರನ್‌ವೇ ಎಲ್ಲವೂ ಅಡ್ಡ ಬರುತ್ತವೆ. ಕೊಡುವ ಕೈಗಳು ಎಷ್ಟೇ ಇರಲಿ, ಇಳಿಸಿಕೊಳ್ಳುವ ಜಾಗ ಇಕ್ಕಟ್ಟಾದರೆ ನೆರವು ಅಲ್ಲೇ ನಿಲ್ಲುತ್ತದೆ. ಇವತ್ತಿನ ಮಾತೆಲ್ಲ ಆ ಜಾಗದ ಬಗ್ಗೆ.

ಮೊದಲಿಗೆ ಒಪ್ಪಿಗೆ. 1991ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ 46/182ನೇ ನಿರ್ಣಯದ ಪ್ರಕಾರ ಪರಿಹಾರ ಕಾರ್ಯದ ಮುಂದಾಳತ್ವ ಪೀಡಿತ ದೇಶದ್ದೇ. ಆ ದೇಶ ಒಪ್ಪದೆ ಹೊರಗಿನವರು ಕಾಲಿಡುವಂತಿಲ್ಲ. 2008ರಲ್ಲಿ ನರ್ಗಿಸ್ ಚಂಡಮಾರುತ ಮ್ಯಾನ್ಮಾರನ್ನು ಅಪ್ಪಳಿಸಿದಾಗ ಅಲ್ಲಿನ ಸೇನಾಡಳಿತ ಒಪ್ಪಿಗೆಗೆ ವಾರಗಟ್ಟಲೆ ಸತಾಯಿಸಿತು. ನೆರವಿನ ಕಾರ್ಯಕರ್ತರು ವೀಸಾಕ್ಕಾಗಿ ಹೊರಗೆ ಕಾಯಬೇಕಾಯಿತು.

ಒಪ್ಪಿಗೆ ಸಿಕ್ಕ ಮೇಲೆ ಶೋಧ ತಂಡಗಳು ವಿಮಾನ ನಿಲ್ದಾಣದಲ್ಲೇ ಹೆಸರು ನೋಂದಾಯಿಸಿ, ತಮಗೆ ಹಂಚಿದ ಪ್ರದೇಶಕ್ಕೆ ಹೋಗಬೇಕು. ಈ ಶಿಸ್ತನ್ನು ರೂಪಿಸಿದ್ದು ಇನ್ಸರಾಗ್ ಎಂಬ, ವಿಶ್ವಸಂಸ್ಥೆಯಡಿಯ ಶೋಧ ಮತ್ತು ರಕ್ಷಣಾ ತಂಡಗಳ ಜಾಲ. 1988ರ ಆರ್ಮೇನಿಯಾ ಭೂಕಂಪದಲ್ಲಿ ಕಂಡ ಗೊಂದಲದ ನಂತರ, 1991ರಲ್ಲಿ ಅದು ಹುಟ್ಟಿತು. ಅದರ ಲೆಕ್ಕದಲ್ಲಿ 'ಭಾರಿ' ದರ್ಜೆಯ ತಂಡವೆಂದರೆ ಎರಡು ಕಡೆ ಏಕಕಾಲಕ್ಕೆ, ಹಗಲಿರುಳು, ಹತ್ತು ದಿನ ದುಡಿಯಬಲ್ಲ ತಂಡ. ಅನ್ನ, ನೀರು, ಡೇರೆ ಎಲ್ಲವನ್ನೂ ಹೊತ್ತೇ ಬರಬೇಕು. ನೊಂದವರ ಪಾಲಿನಲ್ಲಿ ಕೈ ಹಾಕಬಾರದು. ಆದರೂ ಅವಶೇಷಗಳಡಿಯಿಂದ ಬದುಕಿ ಬರುವವರಲ್ಲಿ ಹೆಚ್ಚಿನವರನ್ನು ಮೊದಲ ದಿನವೇ ಎಳೆದು ತೆಗೆಯುವವರು ಅಕ್ಕಪಕ್ಕದ ಮನೆಯವರು.

2015ರ ಏಪ್ರಿಲ್ 25ರ ನೇಪಾಳದ ಭೂಕಂಪವನ್ನೇ ನೋಡಿ. ಕಠ್ಮಂಡುವಿನ ನಿಲ್ದಾಣಕ್ಕೆ ಇದ್ದದ್ದು ಒಂದೇ ರನ್‌ವೇ. ವಿಮಾನ ನಿಲ್ಲಿಸಲು ತಾವಿಲ್ಲದೆ ಎಷ್ಟೋ ವಿಮಾನಗಳು ಆಕಾಶದಲ್ಲಿ ಸುತ್ತಿ ವಾಪಸಾದವು. ಭಾರಕ್ಕೆ ರನ್‌ವೇ ಹಾಳಾಗತೊಡಗಿದಾಗ 196 ಟನ್ನಿಗಿಂತ ತೂಕದ ವಿಮಾನಗಳು ಇಳಿಯದಂತೆ ತಡೆಯಬೇಕಾಯಿತು. ಇಂಥ ಕಡೆ ಬೇಡದ ಒಂದು ಪೆಟ್ಟಿಗೆ ಇಳಿದರೂ ಬೇಕಾದ ಒಂದು ಪೆಟ್ಟಿಗೆ ಹಿಂದೆ ಉಳಿಯುತ್ತದೆ.

ಎಲ್ಲರಿಗೂ ಮೊದಲು ಕಳಿಸಬೇಕೆನಿಸುವುದು ಬಾಟಲಿ ನೀರು. ನೆರವಿನ ಸಂಸ್ಥೆಗಳು ಒಪ್ಪಿಕೊಂಡಿರುವ ಸ್ಫಿಯರ್ ಎಂಬ ಮಾನದಂಡದಂತೆ ಕುಡಿಯಲು, ಅಡುಗೆಗೆ, ಮೈ ತೊಳೆಯಲು ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಬೇಕು. ಹತ್ತು ಸಾವಿರ ಜನರ ಶಿಬಿರಕ್ಕೆ 1,50,000 ಲೀಟರ್, ಅಂದರೆ 150 ಟನ್. ನಮ್ಮ ವಾಯುಪಡೆಯ ಸಿ-17 ವಿಮಾನ ಹೊರುವುದು ಸುಮಾರು 75 ಟನ್. ಬರೀ ನೀರಿಗೇ ದಿನಕ್ಕೆರಡು ವಿಮಾನ! ಅದೇ 20 ಲೀಟರಿಗೊಂದರಂತೆ ಕ್ಲೋರಿನ್ ಮಾತ್ರೆ ಕಳಿಸಿದರೆ 7,500 ಮಾತ್ರೆ ಸಾಕು; ಒಬ್ಬರೇ ಎತ್ತಬಹುದಾದ ಪೆಟ್ಟಿಗೆ.

ಮಾತ್ರೆ ಸೋಲುವುದೂ ಉಂಟು. ಕದಡಿದ ನೀರಿನಲ್ಲಿರುವ ಮಣ್ಣು, ಕೊಳೆ ಕ್ಲೋರಿನ್ನನ್ನು ನುಂಗಿಬಿಡುತ್ತವೆ, ರೋಗಾಣು ಉಳಿಯುತ್ತದೆ. ಮೊದಲು ಪಟಿಕ ಹಾಕಿ, ಮಣ್ಣು ತಳಕ್ಕೆ ಇಳಿದ ಮೇಲೆ ತಿಳಿನೀರನ್ನು ಬಸಿದುಕೊಳ್ಳಬೇಕು. ಆಮೇಲೆ ಕ್ಲೋರಿನ್ ಹಾಕಿ ಅರ್ಧ ಗಂಟೆ ಬಿಟ್ಟು ಪರೀಕ್ಷಿಸಬೇಕು. ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಉಳಿದಿದ್ದರೆ ಕುಡಿಯಬಹುದು. ಬ್ಲೀಚಿಂಗ್ ಪೌಡರ್ ಆದರೆ ಇನ್ನೂ ಎಚ್ಚರ ಬೇಕು: ಸೆಕೆ, ತೇವ ತಾಗಿದ ಚೀಲದಲ್ಲಿ ಕಸುವು ಇಳಿದಿರುತ್ತದೆ, ನಿನ್ನೆಯ ಅಳತೆ ಇವತ್ತಿಗೆ ಆಗುವುದಿಲ್ಲ. ಪರೀಕ್ಷೆಯ ಕಿಟ್ ಇಲ್ಲದೆ ಕ್ಲೋರಿನ್ ಕಳಿಸುವುದು ಅರ್ಧ ಕೆಲಸ.

ಊಟದ ವಿಚಾರ ಮೈಸೂರಿಗೆ ಗೊತ್ತಿರುವುದೇ. ನಮ್ಮ ಊರಿನ ಆಹಾರ ಸಂಶೋಧನಾ ಸಂಸ್ಥೆಗಳಾದ ಡಿಎಫ್‌ಆರ್‌ಎಲ್, ಸಿಎಫ್‌ಟಿಆರ್‌ಐ ಕೆಡದ ಆಹಾರದ ಮೇಲೆ ದಶಕಗಳಿಂದ ಕೆಲಸ ಮಾಡಿವೆ. ರಿಟಾರ್ಟ್ ಪೊಟ್ಟಣದ, ಅಂದರೆ ಮುಚ್ಚಿದ ಪೊಟ್ಟಣದಲ್ಲೇ ಬಿಸಿಮಾಡಿ ಕೆಡದಂತೆ ಮಾಡಿದ, ಪಲಾವು ಒಲೆಯಿಲ್ಲದೆ ಬಾಯಿಗೆ ಬರುತ್ತದೆ, ಆದರೆ ನೀರಿನಂಶವಿರುವುದರಿಂದ ಭಾರ. ಅಕ್ಕಿ ಹಗುರ, ಆದರೆ ಪಾತ್ರೆ, ಸೌದೆ, ನೀರು ಬೇಡುತ್ತದೆ. ಮೊದಲ ದಿನಗಳಿಗೆ ಪೊಟ್ಟಣ, ಒಲೆ ಹೂಡಿದ ಮೇಲೆ ಅಕ್ಕಿ ಬೇಳೆ. ಅಂಗಡಿ ತೆರೆದ ಊರಿಗೆ ಹಣವೇ ಮೇಲು; ಅಲ್ಲಿನ ವ್ಯಾಪಾರಿಯೂ ಉಳಿಯುತ್ತಾನೆ.

ಔಷಧಿಯಲ್ಲಿ ಆಗುವ ತಪ್ಪು ದುಬಾರಿ. 2004ರ ಸುನಾಮಿಯ ನಂತರ ಇಂಡೊನೇಷ್ಯಾದ ಆಚೆ ಪ್ರಾಂತ್ಯಕ್ಕೆ ಬಂದಿಳಿದ ಔಷಧಿಯಲ್ಲಿ ಬಹಳಷ್ಟು ಯಾರೂ ಕೇಳದ್ದು. ಸ್ಥಳೀಯರಿಗೆ ಓದಲಾಗದ ಚೀಟಿಯವೂ ಇದ್ದವು. ವಿಂಗಡಿಸಿ, ಕೂಡಿಟ್ಟು, ಕೊನೆಗೆ ಸುರಕ್ಷಿತವಾಗಿ ನಾಶಮಾಡುವ ಹೊರೆ ನೊಂದ ನಾಡಿನ ಮೇಲೆಯೇ ಬಿತ್ತು. ತಲುಪುವ ದಿನಕ್ಕೆ ಕನಿಷ್ಠ ಒಂದು ವರ್ಷ ಬಾಳಿಕೆ ಇರಲಿ, ಬ್ರಾಂಡಿನ ಬದಲು ಮೂಲ ಔಷಧಿಯ ಹೆಸರಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಮೊದಲೇ ಹೇಳಿತ್ತು. ಇನ್ಸುಲಿನ್‌ನಂಥವನ್ನು 2ರಿಂದ 8 ಡಿಗ್ರಿಯ ತಂಪಿನ ವ್ಯವಸ್ಥೆ ಆ ತುದಿಯಲ್ಲಿದೆಯೆಂದು ಖಚಿತವಾದ ಮೇಲೆಯೇ ವಿಮಾನಕ್ಕೇರಿಸಬೇಕು.

ಇಲ್ಲಿಂದ ಸಾಮಾನು ಕಳಿಸುವ ಸಂಘಸಂಸ್ಥೆಗಳು ದಯವಿಟ್ಟು ಗಮನಿಸಿ: ಒಂದು ಪೆಟ್ಟಿಗೆಯಲ್ಲಿ ಒಂದೇ ಬಗೆಯ ಸಾಮಾನು. ಬಟ್ಟೆಯೊಳಗೆ ಬಿಸ್ಕತ್ತು ತುರುಕಬೇಡಿ, ಔಷಧಿಯ ಜೊತೆ ಸೋಪು ಇಡಬೇಡಿ. ಒಬ್ಬರು ಎತ್ತುವಷ್ಟೇ ತೂಕವಿರಲಿ; ಫೋರ್ಕ್‌ಲಿಫ್ಟ್ ಅಲ್ಲಿ ಇರುತ್ತದೆಂದು ನಂಬಬೇಡಿ. ಹೆಸರು, ಎಣಿಕೆ, ತೂಕ, ಅವಧಿ ಮುಗಿಯುವ ದಿನಾಂಕ ಆ ದೇಶದವರು ಓದಬಲ್ಲ ಭಾಷೆಯಲ್ಲಿ ಬರೆದ ಪಟ್ಟಿಯ ಒಂದು ಪ್ರತಿ ಪೆಟ್ಟಿಗೆಯ ಹೊರಗೆ, ಒಂದು ಒಳಗೆ. ಮೂರನೆಯದು, ವಿಮಾನ ಹೊರಡುವ ಮುಂಚೆಯೇ, ಅದನ್ನು ಇಳಿಸಿಕೊಳ್ಳುವವರ ಕೈಗೆ.