ಬೆಲೆ ಚೀಟಿಗಿಂತ ಮೊದಲು ಹೊಲಿಗೆ ನೋಡಿ

ನಮಸ್ಕಾರ. ಹಬ್ಬಕ್ಕೆ ಬಟ್ಟೆ ತರಲು ಹೊರಡುವ ಮುಂಚೆ ನನ್ನ ಮಾತು ಸ್ವಲ್ಪ ಕೇಳಿ.

ನಮ್ಮ ಚಿಕ್ಕಬಳ್ಳಾಪುರದ ಬಜಾರ್ ರಸ್ತೆಯಲ್ಲಿ ನಡೆದರೆ ಮೂರು ಶರ್ಟು 999 ಅನ್ನುವಂಥ ಬೋರ್ಡುಗಳು ಕಣ್ಣಿಗೆ ಬೀಳುತ್ತವೆ. ಮೊಬೈಲ್ ತೆಗೆದರೆ ಇನ್ನೂ ಅಗ್ಗ. ತಂದು ನಾಲ್ಕು ಸಲ ಒಗೆಯುವಷ್ಟರಲ್ಲಿ ಕಾಲರ್ ಮುದುಡುತ್ತದೆ, ಕಂಕುಳ ಹತ್ತಿರ ಹೊಲಿಗೆ ಬಿಡುತ್ತದೆ, ಮೈಯೆಲ್ಲಾ ಜುಂಗು ಏಳುತ್ತದೆ. ಹಳೆ ಕಾಟನ್ ಪಂಚೆ ನೆಲ ಒರೆಸಲಿಕ್ಕಾದರೂ ಆಗುತ್ತಿತ್ತು. ಪಾಲಿಯೆಸ್ಟರ್ ನೀರನ್ನೇ ಸರಿಯಾಗಿ ಹೀರುವುದಿಲ್ಲ, ಅದಕ್ಕೂ ಬರಲ್ಲ.

ಮೂರರ ದುಡ್ಡಿಗೆ ಒಂದೇ ತಗೊಳ್ಳಿ, ಗಟ್ಟಿಯಾದದ್ದು ತಗೊಳ್ಳಿ. ಇದೇ ನನ್ನ ಅಭಿಪ್ರಾಯ.

ಪಕ್ಕದ ಶಿಡ್ಲಘಟ್ಟಕ್ಕೆ ಹೋಗಿ ನೋಡಿ. ರೇಷ್ಮೆ ಹುಳ ನಾಲ್ಕು ಜ್ವರ (ಅಂದರೆ ಪೊರೆ ಬಿಡುವ ಹಂತ) ದಾಟಿ, ಚಂದ್ರಿಕೆ (ಗೂಡು ಕಟ್ಟಲು ಇಡುವ ತಟ್ಟೆ) ಹತ್ತಿ ಗೂಡು ಕಟ್ಟಲು ಹೆಚ್ಚೂಕಡಿಮೆ ಒಂದು ತಿಂಗಳು ಬೇಕು. ಅಲ್ಲಿವರೆಗೂ ಸೊಪ್ಪು ಕೊಯ್ದು ಹಾಕುವವರಿಗೆ ನಿದ್ದೆಯಿಲ್ಲ. ಆಮೇಲೆ ಬಿಸಿನೀರಿನಲ್ಲಿ ಕೈ ಅದ್ದಿ ನೂಲು ಬಿಚ್ಚುವವರು ಬೇರೆ. ಇಷ್ಟೂ ಆದ ಮೇಲೆ ಸಿಗುವುದು ಬರೀ ನೂಲು, ಬಟ್ಟೆ ಇನ್ನೂ ದೂರ. ಇದನ್ನು ಮನೆ ಬಾಗಿಲಲ್ಲೇ ನೋಡುವ ನಾವು, 333 ರೂಪಾಯಿಗೆ ಒಂದು ಶರ್ಟು ಹೇಗೆ ಬಂತು ಅಂತ ಕೇಳಬೇಕು, ಅಲ್ವಾ? ನೂಲು, ಬಣ್ಣ, ಹೊಲಿಗೆ, ಲಾರಿ ಬಾಡಿಗೆ, ಅಂಗಡಿ ಲಾಭ ಎಲ್ಲಾ ಅದರಲ್ಲೇ ಬರಬೇಕು. ಎಲ್ಲೋ ಕತ್ತರಿ ಬಿದ್ದಿರಲೇಬೇಕು. ಬಟ್ಟೆಗೆ, ಇಲ್ಲಾ ಕೂಲಿಗೆ.

2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಹತ್ತಿರ ಗಾರ್ಮೆಂಟ್ಸ್ ಫ್ಯಾಕ್ಟರಿಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹಳಷ್ಟು ಜನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಹಿಂದಿನ ದಿನವೇ ಬಿರುಕು ಕಂಡಿತ್ತು. ಆದರೂ ಅವರನ್ನು ಕೆಲಸಕ್ಕೆ ಕರೆಸಿದ್ದರು. ನಮ್ಮ ಕಡೆಯಿಂದಲೂ ಎಷ್ಟೋ ಅಕ್ಕತಂಗಿಯರು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಈ ಸುದ್ದಿ ನನಗೆ ದೂರದ್ದು ಅನ್ನಿಸುವುದೇ ಇಲ್ಲ.

ಬಟ್ಟೆ ಆರಿಸಲು ಕಲಿಯಬೇಕಾದರೂ ಆ ಅಕ್ಕಂದಿರನ್ನೇ ಕೇಳಿ, ಬ್ರ್ಯಾಂಡ್ ಹೆಸರನ್ನು ನಂಬಬೇಡಿ. ಶರ್ಟನ್ನು ಒಳಗಡೆ ತಿರುಗಿಸಿ. ಹೊಲಿಗೆ ಒತ್ತೊತ್ತಾಗಿದೆಯಾ, ದಾರ ಜೋತಾಡುತ್ತಿದೆಯಾ ನೋಡಿ. ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆದರೆ ಹೊಲಿಗೆ ಬಾಯಿ ಬಿಡಬಾರದು. ಬೆಳಕಿಗೆ ಹಿಡಿದರೆ ನೇಯ್ಗೆ ಒಂದೇ ಸಮ ಇರಬೇಕು. ಒದ್ದೆ ಬಿಳಿ ಕರವಸ್ತ್ರದಿಂದ ಒಂದು ಮೂಲೆ ಉಜ್ಜಿದರೆ ಬಣ್ಣ ಬಿಡುತ್ತಾ ಗೊತ್ತಾಗುತ್ತದೆ. ಅಂಗಡಿಯವರು ಮುಖ ಸಿಂಡರಿಸಲಿ, ದುಡ್ಡು ನಿಮ್ಮದು.

ತೆರಿಗೆಯೂ ಈಗ ಅಡ್ಡ ಬರುವುದಿಲ್ಲ. ಮೊದಲು ಸಾವಿರ ದಾಟಿದ ಸಿದ್ಧ ಉಡುಪಿಗೆ 12% ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗೂ 5% ಮಾತ್ರ.

ಬೆಳೆಯುವ ಮಕ್ಕಳಿಗೆ, ಕೈ ಬಿಗಿಯಿರುವ ಮನೆಗೆ ಈ ಮಾತು ಹೇಳುತ್ತಿಲ್ಲ. ಇದ್ದುದರಲ್ಲಿ ಸಂಸಾರ ತೂಗಿಸುವವರಿಗೆ ನಾನು ಬುದ್ಧಿ ಹೇಳಲಾರೆ. ಬೀರು ತುಂಬಿದ್ದರೂ ಮತ್ತೆ ಆರ್ಡರ್ ಹಾಕುವವರಿಗೆ ಹೇಳುತ್ತಿದ್ದೇನೆ.

ನಿಮ್ಮ ಬೀದಿಯ ಟೈಲರ್ ಅಣ್ಣನನ್ನು ಮರೆಯಬೇಡಿ. ಒಳ್ಳೆ ಕಾಟನ್ ತಗೊಂಡು ಹೊಲಿಸಿ. ಪಕ್ಕದ ಹೊಲಿಗೆಯಲ್ಲಿ ಬಟ್ಟೆ ಜಾಸ್ತಿ ಬಿಡಲು ಹೇಳಿ. ಮುಂದೆ ಮೈ ಬಂದರೆ ಬಿಚ್ಚಿ ಸಡಿಲ ಮಾಡಿಕೊಡುತ್ತಾರೆ.