12 ಇಂಚೋ, 24 ಇಂಚೋ? ಸಣ್ಣ ಟ್ರ್ಯಾಕ್ಟರ್‌ನ ಬ್ಯಾಕ್‌ಹೋಗೆ ಬಕೆಟ್ ಆರಿಸುವ ಮಾತು

ಕೇಳುಗರೆಲ್ಲರಿಗೂ ನಮಸ್ಕಾರ.

ಸಣ್ಣ ಟ್ರ್ಯಾಕ್ಟರ್ ಇಟ್ಟುಕೊಂಡವರು ಅದರ ಹಿಂದೆ ಬ್ಯಾಕ್‌ಹೋ, ಅಂದರೆ ತುದಿಯ ಬಕೆಟ್‌ನಿಂದ ಮಣ್ಣು ಅಗೆಯುವ ಉದ್ದನೆಯ ತೋಳು, ಹಾಕಿಸಬೇಕು ಅಂದಾಗ ಮೊದಲು ಕೇಳುವುದು ಎಷ್ಟು ಆಳ ಅಗೆಯುತ್ತದೆ ಎಂದು. ಆಮೇಲೆ ಎಷ್ಟು ಎಚ್‌ಪಿ ಬೇಕು ಎಂದು. ಬಕೆಟ್ ವಿಷಯ ಕೊನೆಗೆ ಬರುತ್ತದೆ, ಅದೂ ಒಂದೇ ಮಾತಲ್ಲಿ ಮುಗಿದುಹೋಗುತ್ತದೆ: "ಇರೋದ್ರಲ್ಲಿ ದೊಡ್ಡದು ಕೊಡಿ." ದೊಡ್ಡ ಬಕೆಟ್ ಅಂದರೆ ಒಂದು ಸಲಕ್ಕೆ ಜಾಸ್ತಿ ಮಣ್ಣು, ಜಾಸ್ತಿ ಮಣ್ಣು ಅಂದರೆ ಬೇಗ ಕೆಲಸ. ಕೇಳೋಕೆ ಸರಿಯಾಗೇ ಇದೆ, ಅಲ್ವಾ? ಆದರೆ ಗಟ್ಟಿ ನೆಲಕ್ಕೆ ಹಲ್ಲು ಊರಿದ ಕೂಡಲೇ ಈ ಲೆಕ್ಕ ತಲೆಕೆಳಗಾಗುತ್ತದೆ. ಯಾಕೆ ಅನ್ನುವುದನ್ನು ಇವತ್ತು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾನು ಹೇಳುತ್ತಿರುವುದು ಹೆಚ್ಚುಕಮ್ಮಿ 20ರಿಂದ 50 ಎಚ್‌ಪಿ ಟ್ರ್ಯಾಕ್ಟರ್‌ಗಳ ಮಾತು. ಇವುಗಳ ಹಿಂದೆ ಕೂರುವ ಬ್ಯಾಕ್‌ಹೋ ಸಾಮಾನ್ಯವಾಗಿ 6ರಿಂದ 9 ಅಡಿ ಆಳ ಅಗೆಯುತ್ತದೆ. ಏಳೆಂಟು ಟನ್ ತೂಗುವ ದೊಡ್ಡ ಜೆಸಿಬಿಯ ಲೆಕ್ಕವನ್ನು ಇದಕ್ಕೆ ತರಬಾರದು. ದೊಡ್ಡ ಯಂತ್ರಕ್ಕೆ ಬಲವೂ ಇದೆ, ಆ ಬಲವನ್ನು ತಡೆದು ನಿಲ್ಲುವ ತೂಕವೂ ಇದೆ. ನಮ್ಮ ಟ್ರ್ಯಾಕ್ಟರ್‌ಗೆ ಎರಡೂ ಕಮ್ಮಿ.

ಮೊದಲು ಬಲದ ಮಾತು. ಬಕೆಟ್ಟನ್ನು ಒಳಕ್ಕೆ ಮಡಚುವ ಒಂದು ಹೈಡ್ರಾಲಿಕ್ ಸಿಲಿಂಡರ್ ಇರುತ್ತದೆ. ಆಯಿಲ್‌ನ ಒತ್ತಡ ಎಷ್ಟು, ಸಿಲಿಂಡರ್ ಎಷ್ಟು ದಪ್ಪ, ಇವೆರಡರ ಮೇಲೆ ಅದರ ಬಲ ನಿಂತಿದೆ. ಪಂಪ್ ನಿಮಿಷಕ್ಕೆ ಎಷ್ಟು ಲೀಟರ್ ಆಯಿಲ್ ಕೊಡುತ್ತದೆ ಅನ್ನುವುದು ವೇಗದ ವಿಷಯ, ಬಲದ್ದಲ್ಲ. ಸಣ್ಣ ಬ್ಯಾಕ್‌ಹೋಗಳಲ್ಲಿ ಬಕೆಟ್ ತುದಿಯಲ್ಲಿ ಸಿಗುವ ಬಲ ಸಾಮಾನ್ಯವಾಗಿ ಒಂದರಿಂದ ಎರಡು ಟನ್ ಒಳಗೆ ಇರುತ್ತದೆ. ಲೆಕ್ಕಕ್ಕೆ ಸುಲಭವಾಗಲಿ, 1200 ಕೆಜಿ ಅಂತ ಇಟ್ಟುಕೊಳ್ಳೋಣ. 12 ಇಂಚಿನ ಬಕೆಟ್ ಹಾಕಿದರೆ ಒಂದೊಂದು ಇಂಚು ಅಗಲಕ್ಕೆ 100 ಕೆಜಿ ಬಲ. ಅದೇ ಯಂತ್ರಕ್ಕೆ 24 ಇಂಚಿನದು ಹಾಕಿದರೆ ಇಂಚಿಗೆ 50 ಕೆಜಿ. ಬಕೆಟ್ ಬದಲಾಯಿತು ಅಂತ ಸಿಲಿಂಡರ್‌ನ ಬಲವೇನೂ ಹೆಚ್ಚಲಿಲ್ಲ. ಇದ್ದದ್ದನ್ನೇ ಜಾಸ್ತಿ ಹಲ್ಲುಗಳಿಗೆ ಹಂಚಿದಂತಾಯಿತು, ಅಷ್ಟೇ. ಗಟ್ಟಿ ನೆಲ ಅಗೆಯಲು ಯಾರೂ ಸಲಿಕೆ ಹಿಡಿದು ಹೋಗುವುದಿಲ್ಲ, ಹಾರೆ ಹಿಡಿದು ಹೋಗುತ್ತಾರೆ. ಇಲ್ಲಿಯೂ ಹಾಗೆಯೇ.

ಹಾಗಾದರೆ ಅಗಲದ ಬಕೆಟ್ ಗಟ್ಟಿ ನೆಲದಲ್ಲಿ ಏನು ಮಾಡುತ್ತದೆ? ಹಲ್ಲು ಒಂದಿಷ್ಟು ಇಳಿಯುತ್ತದೆ, ಆಮೇಲೆ ನಿಂತುಬಿಡುತ್ತದೆ. ಒತ್ತಡ ಮಿತಿ ಮೀರಿದಾಗ ಆಯಿಲ್ ಹೊರಬಿಡುವ ರಿಲೀಫ್ ವಾಲ್ವ್ ಕಿರುಚಲು ಶುರುವಾಗುತ್ತದೆ, ಆಯಿಲ್ ಸುಮ್ನೆ ಬಿಸಿಯಾಗುತ್ತದೆ. ಇಲ್ಲವಾದರೆ ನೆಲ ಬಿಡುವ ಬದಲು ಟ್ರ್ಯಾಕ್ಟರೇ ಬಕೆಟ್ ಕಡೆಗೆ ಜಾರುತ್ತದೆ. ಓಡಿಸುವವರು ಆಗ ಏನು ಮಾಡುತ್ತಾರೆ? ಒಂದೆರಡು ಇಂಚು ತೆಳುವಾಗಿ ಕೆರೆದು, ಬಕೆಟ್ಟಿನ ಕಾಲು ಭಾಗ ತುಂಬಿಸಿ ಎತ್ತುತ್ತಾರೆ. 24 ಇಂಚಿನ ಬಕೆಟ್ ಕಾಲು ಭಾಗ ತುಂಬಿ ಬರುವುದಕ್ಕಿಂತ 12 ಇಂಚಿನದು ತುಂಬಿ ತುಳುಕುತ್ತಾ ಬರುವುದು ಮೇಲು. ನೋಡುವವರಿಗೆ ದೊಡ್ಡದೇ ಜೋರಾಗಿ ಕೆಲಸ ಮಾಡಿದ ಹಾಗೆ ಕಾಣುತ್ತದೆ, ಆ ಮಾತು ಬೇರೆ.

ಎಲ್ಲ ಮಣ್ಣಿಗೂ ಇದೇ ನ್ಯಾಯವೇ? ಅಲ್ಲ. ಮರಳು, ಸಡಿಲವಾದ ಮೇಲ್ಮಣ್ಣು, ಹಿಂದೆ ಒಮ್ಮೆ ಅಗೆದು ಮುಚ್ಚಿದ ಜಾಗ, ಇಲ್ಲೆಲ್ಲ 16 ಅಥವಾ 18 ಇಂಚಿನದು ಸಲೀಸಾಗಿ ತುಂಬುತ್ತದೆ. ಅಂಟು ಜೇಡಿಮಣ್ಣಿನ ಕಥೆ ಬೇರೆ. ಅದು ಅಗೆಯೋಕೆ ಅಷ್ಟು ಕಷ್ಟ ಕೊಡುವುದಿಲ್ಲ, ಬಕೆಟ್ ಖಾಲಿ ಮಾಡೋಕೆ ಕೊಡುತ್ತದೆ. ಬಕೆಟ್ ಕಿರಿದಾದಷ್ಟೂ ಎರಡು ಪಕ್ಕದ ತಗಡುಗಳು ಹತ್ತಿರ ಬರುತ್ತವೆ. ಹಸಿ ಜೇಡಿ ಅವುಗಳ ನಡುವೆ ಕಚ್ಚಿಕೊಂಡು ಕೂತುಬಿಡುತ್ತದೆ. ಎಷ್ಟು ಅಲ್ಲಾಡಿಸಿದರೂ ಬೀಳುವುದಿಲ್ಲ. ಪ್ರತಿ ಸಲ ಅರ್ಧ ಮಣ್ಣು ವಾಪಸ್ ಗುಂಡಿಗೇ ಹೋಗುತ್ತದೆ. ಅದಕ್ಕೇ ನನಗೆ 8, 9 ಇಂಚಿನ ಬಕೆಟ್‌ಗಳ ಮೇಲೆ ಅಷ್ಟೇನೂ ಪ್ರೀತಿ ಇಲ್ಲ. ಕೇಬಲ್ ಹೂಳುವುದೇ ಮುಖ್ಯ ಕೆಲಸವಾಗಿದ್ದರೆ ಸರಿ, ಇಲ್ಲದಿದ್ದರೆ ಬೇಡ. ಅಂಟು ಮಣ್ಣಿನಲ್ಲೇ ದುಡಿಯಬೇಕು ಅನ್ನುವವರು ಅಗಲದ ಜೊತೆಗೆ ಆಕಾರವನ್ನೂ ನೋಡಬೇಕು. ಬಾಯಿ ಅಗಲವಾಗಿ, ಹಿಂಭಾಗ ಸ್ವಲ್ಪ ಕಿರಿದಾಗಿ ಇರುವ ಬಕೆಟ್‌ನಿಂದ ಮಣ್ಣು ಬೇಗ ಜಾರುತ್ತದೆ. ಆಳ ಕಮ್ಮಿ ಇದ್ದು ಒಳಗೆ ದುಂಡಗಿದ್ದರೆ ಇನ್ನೂ ಒಳ್ಳೆಯದು. ಚೌಕಾಕಾರದ ಮೂಲೆಗಳಿರುವುದು ಬೇಡ.

ಕಲ್ಲು ಜಾಸ್ತಿ ಇರುವ ನೆಲದಲ್ಲಿ ಇನ್ನೊಂದು ಸಂಗತಿ ಇದೆ. ಬಕೆಟ್ ಬಾಯಿಗಿಂತ ದೊಡ್ಡ ಕಲ್ಲು ಒಳಗೆ ಬರುವುದಿಲ್ಲ. ಬಾಯಿಯಷ್ಟೇ ಇರುವ ಕಲ್ಲು ಬಂದು ಸಿಕ್ಕಿಕೊಂಡರೆ ಬಿಡಿಸುವುದೇ ಒಂದು ಕೆಲಸ. ಹಾಗಂತ ಅಗಲದ್ದು ಹಾಕಿದರೆ ಕಲ್ಲುಗಳ ನಡುವೆ ಹಲ್ಲು ನುಗ್ಗುವುದೇ ಇಲ್ಲ. ಮರದ ಬೊಡ್ಡೆ, ದಪ್ಪ ಬೇರು ಕೀಳುವವರಿಗೆ ನಾನು ಯಾವ ಅಗಲದ ಬಕೆಟ್ಟನ್ನೂ ಹೇಳುವುದಿಲ್ಲ. ಬಕೆಟ್ ಜಾಗಕ್ಕೆ ಕೂರುವ ಒಂಟಿ ಹಲ್ಲಿನ ರಿಪ್ಪರ್ ಸಿಗುತ್ತದೆ. ಇರುವ ಬಲವೆಲ್ಲ ಒಂದೇ ತುದಿಗೆ ಬೀಳುತ್ತದೆ. ಬೇರನ್ನು ಅದರಿಂದ ಹರಿದು, ಆಮೇಲೆ ಬಕೆಟ್ ಹಾಕಿ ಮಣ್ಣು ತೆಗೆದರಾಯಿತು.

ಈಗ ಪೈಪ್‌ಲೈನ್ ಕೆಲಸಕ್ಕೆ ಬರೋಣ. ಬಕೆಟ್ ಅಗಲಕ್ಕೆ ನಿಜವಾದ ಬೆಲೆ ತೆರುವುದು ಇಲ್ಲೇ. 100 ಅಡಿ ಉದ್ದ, 3 ಅಡಿ ಆಳದ ಒಂದು ಟ್ರೆಂಚ್ ತೆಗೆಯಬೇಕು ಅಂದುಕೊಳ್ಳಿ. ಒಂದು ಅಡಿ ಅಗಲಕ್ಕೆ ತೆಗೆದರೆ 300 ಘನ ಅಡಿ ಮಣ್ಣು. ಎರಡು ಅಡಿ ಅಗಲಕ್ಕೆ ತೆಗೆದರೆ 600. ಕೂತ ಮಣ್ಣು ಒಂದು ಘನ ಅಡಿಗೆ ಸುಮಾರು 45 ಕೆಜಿ ತೂಗುತ್ತದೆ. ಅಂದರೆ ಬೇಡದ ಆ ಒಂದು ಅಡಿ ಅಗಲಕ್ಕಾಗಿ ನೀವು ಹದಿಮೂರು ಟನ್‌ಗಿಂತ ಜಾಸ್ತಿ ಮಣ್ಣು ಎತ್ತಿದಿರಿ. ಅಷ್ಟಕ್ಕೇ ಮುಗಿಯಲಿಲ್ಲ. ಅಗೆದ ಮಣ್ಣು ಸಡಿಲವಾಗಿ ಕಾಲು ಭಾಗದಷ್ಟು ಉಬ್ಬುತ್ತದೆ, ಪಕ್ಕದಲ್ಲಿ ಅಷ್ಟು ಜಾಗ ಹಿಡಿಯುತ್ತದೆ. ಅದನ್ನೆಲ್ಲ ಮತ್ತೆ ಒಳಗೆ ತಳ್ಳಬೇಕು, ಪದರ ಪದರವಾಗಿ ದಮ್ಮಸು ಮಾಡಬೇಕು. ಮಾಡದಿದ್ದರೆ ಮಳೆ ಬಂದ ಮೇಲೆ ಎರಡು ಅಡಿ ಅಗಲದ ತಗ್ಗು ಉದ್ದಕ್ಕೂ ಕುಸಿದು ಕೂರುತ್ತದೆ. ಅಗೆಯುವಾಗ ಉಳಿಯಿತು ಅಂದುಕೊಂಡ ಸಮಯ ಮುಚ್ಚುವಾಗ ಬಡ್ಡಿ ಸಮೇತ ಹೋಗುತ್ತದೆ.

4 ಇಂಚಿನ ಪೈಪಿಗೆ 12 ಇಂಚಿನ ಟ್ರೆಂಚ್ ಧಾರಾಳ ಸಾಕು. ಎರಡೂ ಪಕ್ಕ ನಾಲ್ಕು ನಾಲ್ಕು ಇಂಚು ಉಳಿಯುತ್ತದೆ, ಮಣ್ಣು ತುಂಬಿ ಬಿಗಿ ಮಾಡೋಕೆ ಜಾಗ ಇರುತ್ತದೆ. "ಜಾಯಿಂಟ್ ಹಾಕಲು ಕೈ ಆಡಬೇಕಲ್ಲ?" ಅಂತ ಕೇಳಬಹುದು. ಸರಿಯಾದ ಪ್ರಶ್ನೆ. ಪಿವಿಸಿ ಪೈಪ್ ಆದರೆ ನೆಲದ ಮೇಲೇ ಜೋಡಿಸಿ ಇಳಿಸಬಹುದು. ಒಳಗೇ ಜೋಡಿಸಬೇಕಾದರೆ ಜಾಯಿಂಟ್ ಬರುವ ಕಡೆ ಮಾತ್ರ ಪಕ್ಕಕ್ಕೆ ಇನ್ನೊಂದು ಸಲ ಬಕೆಟ್ ಹಾಕಿ ಎರಡು ಅಡಿ ಅಗಲ ಮಾಡಿಕೊಳ್ಳಿ. ಎರಡು ಜಾಯಿಂಟಿಗಾಗಿ ಉದ್ದಕ್ಕೂ ಅಗಲ ಮಾಡುವುದು ಬೇಡ. ಇನ್ನೊಂದು ವಿಷಯ: ಬಕೆಟ್ 12 ಇಂಚು ಅಂದರೆ ಟ್ರೆಂಚ್ ಸರಿಯಾಗಿ 12 ಇಂಚು ಬರುವುದಿಲ್ಲ. ಬಕೆಟ್ ಪಕ್ಕದಲ್ಲಿ ಸೈಡ್ ಕಟರ್, ಅಂದರೆ ಮಣ್ಣು ಕತ್ತರಿಸುವ ಅಲಗು, ಇದ್ದರೆ ಒಂದೆರಡು ಇಂಚು ಅಗಲ ಜಾಸ್ತಿಯಾಗುತ್ತದೆ. ಗೋಡೆ ಉದುರಿದರೆ ಇನ್ನಷ್ಟು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕಿರಿದಾದ ಟ್ರೆಂಚ್ ನೋಡೋಕೆ ಗಟ್ಟಿಯಾಗಿ ಕಾಣುತ್ತದೆ. ಆದರೆ ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್‌ಗಿಂತ ಜಾಸ್ತಿ ತೂಗುತ್ತದೆ, ಕುಸಿದರೆ ಎದ್ದು ಬರೋಕೆ ಆಗುವುದಿಲ್ಲ. 5 ಅಡಿ ಆಳ ಮುಟ್ಟಿತು ಅಂದರೆ ಗೋಡೆಗೆ ಆಸರೆ ಕೊಡದೆ ಯಾರನ್ನೂ ಒಳಗೆ ಇಳಿಸಬೇಡಿ. ಮಣ್ಣು ಸಡಿಲವಿದ್ದರೆ ಅದಕ್ಕೂ ಮೊದಲೇ ನಿಲ್ಲಿಸಿ. ತೆಗೆದ ಮಣ್ಣನ್ನು ಅಂಚಿನಿಂದ ಎರಡು ಅಡಿಯಾದರೂ ದೂರ ಹಾಕಿ.

ಬಲ ಆಯಿತು, ಅಗಲ ಆಯಿತು. ತೂಕದ ಕಡೆ ಜನ ನೋಡುವುದೇ ಕಮ್ಮಿ. 12 ಇಂಚಿನ ಸಣ್ಣ ಬಕೆಟ್‌ಗೆ ಹಿಡಿಯುವುದು ಒಂದು ಕಾಲು, ಒಂದೂವರೆ ಘನ ಅಡಿ. ಸಡಿಲ ಮಣ್ಣು 45ರಿಂದ 55 ಕೆಜಿ ಆಗುತ್ತದೆ. 24 ಇಂಚಿನದಕ್ಕೆ 3 ಘನ ಅಡಿ ಹಿಡಿದರೆ 100 ಕೆಜಿ ದಾಟುತ್ತದೆ, ಹಸಿ ಜೇಡಿಯಾದರೆ ಇನ್ನೂ ಜಾಸ್ತಿ. ಇದರ ಮೇಲೆ ಬಕೆಟ್ಟಿನ ಸ್ವಂತ ತೂಕ. ಇದೆಲ್ಲ ಟ್ರ್ಯಾಕ್ಟರ್ ಹತ್ತಿರ ಇದ್ದಾಗ ಏನೂ ಅನಿಸುವುದಿಲ್ಲ. ಬೂಮ್, ಅಂದರೆ ಟ್ರ್ಯಾಕ್ಟರ್ ಕಡೆಯ ತೋಳು, ಪೂರ್ತಿ ಚಾಚಿ, ಪಕ್ಕಕ್ಕೆ ತಿರುಗಿಸಿ ಎತ್ತಿದಾಗ ಗೊತ್ತಾಗುತ್ತದೆ. ಆ ಕಡೆಯ ಸಪೋರ್ಟ್ ಕಾಲು ನೆಲಕ್ಕೆ ಇಳಿಯುತ್ತದೆ, ಈ ಕಡೆಯದು ಹಗುರಾಗುತ್ತದೆ. ಇಳಿಜಾರಿನಲ್ಲಿದ್ದು ಇಳುಕಲಿನ ಕಡೆಗೇ ತಿರುಗಿಸಿದರೆ ಟ್ರ್ಯಾಕ್ಟರ್ ಮಗುಚುವುದಕ್ಕೆ ಬೇರೇನೂ ಬೇಕಾಗಿಲ್ಲ. ಕೈಪಿಡಿಯಲ್ಲಿ ಎತ್ತುವ ಬಲ ಇಷ್ಟು ಅಂತ ಬರೆದಿರುತ್ತಾರೆ. ಅದು ಪೂರ್ತಿ ಚಾಚಿದಾಗಿನದೋ, ಹತ್ತಿರ ಇದ್ದಾಗಿನದೋ, ಬಕೆಟ್ ತೂಕ ಸೇರಿಸಿದ್ದೋ ಬಿಟ್ಟಿದ್ದೋ ನೋಡಿಕೊಳ್ಳಿ.

ಬಕೆಟ್ಟಿನ ಅಳತೆಯನ್ನೂ ಹಾಗೆಯೇ ನೋಡಬೇಕು. ಅಂಚಿನ ಮಟ್ಟಕ್ಕೆ ಸವರಿದಾಗ ಎಷ್ಟು ಹಿಡಿಯುತ್ತದೆ ಅನ್ನುವುದು ಒಂದು ಲೆಕ್ಕ, ಗುಡ್ಡೆಯಾಗಿ ತುಂಬಿದಾಗ ಎಷ್ಟು ಅನ್ನುವುದು ಇನ್ನೊಂದು. ಎಸ್‌ಎಇ ಅನ್ನುವ ಎಂಜಿನಿಯರ್‌ಗಳ ಸಂಘದ ಅಳತೆಯಲ್ಲಿ ಬ್ಯಾಕ್‌ಹೋ ಬಕೆಟ್ಟಿನ ಗುಡ್ಡೆಯನ್ನು 45 ಡಿಗ್ರಿ ಇಳಿಜಾರಿಗೆ ಲೆಕ್ಕ ಹಾಕುತ್ತಾರೆ. ಒಣ ಮರಳು ಅಷ್ಟು ಕಡಿದಾಗಿ ನಿಲ್ಲುವುದೇ ಇಲ್ಲ. ಎರಡು ಬಕೆಟ್ ಹೋಲಿಸುವಾಗ ಒಂದರ ಸವರಿದ ಅಳತೆಯನ್ನು ಇನ್ನೊಂದರ ಗುಡ್ಡೆ ಅಳತೆಯ ಪಕ್ಕ ಇಟ್ಟು ಮೋಸ ಹೋಗಬೇಡಿ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಒಂದೇ ಬಕೆಟ್ ಅಂದರೆ 12 ಇಂಚು, ಕಣ್ಣು ಮುಚ್ಚಿ. ಟ್ರ್ಯಾಕ್ಟರ್ 25 ಎಚ್‌ಪಿಗಿಂತ ಚಿಕ್ಕದಾದರೆ ಅದಕ್ಕಿಂತ ಅಗಲದ್ದು ಯೋಚಿಸುವುದೇ ಬೇಡ, ನೆಲ ಪೂರ್ತಿ ಸಡಿಲವಿದ್ದರೆ ಮಾತ್ರ 16. 35, 40 ಎಚ್‌ಪಿ ದಾಟಿದ್ದು, ಬ್ಯಾಕ್‌ಹೋ ಸಬ್‌ಫ್ರೇಮ್ (ಟ್ರ್ಯಾಕ್ಟರ್ ಅಡಿಗೆ ಬಿಗಿಯುವ ಚೌಕಟ್ಟು) ಮೇಲೆ ಗಟ್ಟಿಯಾಗಿ ಕೂತಿದ್ದರೆ 16, 18 ಇಂಚಿನದನ್ನು ದಿನದ ಕೆಲಸಕ್ಕೆ ಇಟ್ಟುಕೊಳ್ಳಬಹುದು. ಪಾಯ ತೆಗೆಯೋಕೆ ಎರಡು ಅಡಿ ಅಗಲ ಬೇಕಾದರೆ 12 ಇಂಚಿನದನ್ನೇ ಅಕ್ಕಪಕ್ಕ ಎರಡು ಸಲ ಹಾಕಿ. ಎರಡನೇ ಸಲ ಮಣ್ಣು ಒಂದು ಪಕ್ಕದಿಂದ ಬಿಡುವಾಗಿರುತ್ತದೆ, ಸುಲಭವಾಗಿ ಒಡೆಯುತ್ತದೆ. 24 ಇಂಚು, 36 ಇಂಚಿನ ಬಕೆಟ್‌ಗಳಿಗೂ ಜಾಗ ಇದೆ: ಹೂಳು ತುಂಬಿದ ಚರಂಡಿ ಎತ್ತುವುದು, ದಡ ಸವರುವುದು. ಅವಕ್ಕೆ ಹಲ್ಲಿಲ್ಲದ ನೇರ ಅಂಚು ಬೇಕು. ನೀರು ಇಳಿಯಲು ತೂತುಗಳಿದ್ದರೆ ನೀರನ್ನೇ ಹೊತ್ತು ಎತ್ತುವುದು ತಪ್ಪುತ್ತದೆ. ಆದರೆ ಅಗಲದ ಬಕೆಟ್ ಕೈಗೆ ಸಿಕ್ಕರೆ ಪಕ್ಕಕ್ಕೆ ಬೀಸಿ ಮಣ್ಣು ಗುಡಿಸುವ ಚಟ ಬರುತ್ತದೆ. ಅದು ಬೂಮ್ ತಿರುಗುವ ಪಿನ್, ಬುಷ್‌ಗಳನ್ನು ಬೇಗ ಸವೆಸುತ್ತದೆ. ಮಣ್ಣು ತಳ್ಳೋಕೆ ಮುಂದೆ ಲೋಡರ್ ಇದೆಯಲ್ಲ.

ಕೊನೆಯದಾಗಿ, ಬೇರೆ ಕಂಪನಿಯ ಬಕೆಟ್ಟೋ ಸೆಕೆಂಡ್ ಹ್ಯಾಂಡ್ ಬಕೆಟ್ಟೋ ತರುವವರಿಗೆ ಒಂದು ಮಾತು. ಅಗಲ ಒಂದೇ ಅಳೆದು ಬರಬೇಡಿ. ಪಿನ್ ಎಷ್ಟು ದಪ್ಪ, ಎರಡು ಪಿನ್‌ಗಳ ನಡುವೆ ಎಷ್ಟು ದೂರ, ಪಿನ್ ಕೂರುವ ಬಕೆಟ್ ಕಿವಿಗಳ ನಡುವೆ ಎಷ್ಟು ಜಾಗ, ಇಷ್ಟೂ ನಿಮ್ಮ ಹಳೆಯ ಬಕೆಟ್‌ಗೆ ಸರಿಹೊಂದಬೇಕು. ಆಮೇಲೆ ಬಕೆಟ್ ತಿರುಗುವ ಮೇನ್ ಪಿನ್‌ನಿಂದ ಹಲ್ಲಿನ ತುದಿಯವರೆಗೆ ಟೇಪ್ ಹಿಡಿಯಿರಿ. ಹಳೆಯದು 20 ಇಂಚು ಇದ್ದು ಹೊಸದು 24 ಇಂಚು ಇದ್ದರೆ, ತುದಿಯಲ್ಲಿ ಸಿಗುತ್ತಿದ್ದ 1200 ಕೆಜಿ ಬಲ 1000ಕ್ಕೆ ಇಳಿಯುತ್ತದೆ. ಅಗಲ ಅಷ್ಟೇ ಇದ್ದರೂ ಮೊದಲು ಬಿಡುತ್ತಿದ್ದ ಗಟ್ಟಿ ನೆಲ ಈಗ ಬಿಡುವುದಿಲ್ಲ. ನಡುವೆ ಕ್ವಿಕ್ ಕಪ್ಲರ್, ಅಂದರೆ ಬಕೆಟ್ ಬೇಗ ಬದಲಿಸುವ ಕೊಂಡಿ, ಹಾಕಿಸಿದರೂ ತುದಿ ದೂರವಾಗಿ ಇದೇ ಆಗುತ್ತದೆ. ಹಾಕಿದ ಮೇಲೆ ಎಂಜಿನ್ ನಿಧಾನಕ್ಕೆ ಇಟ್ಟು, ಬಕೆಟ್ಟನ್ನು ಪೂರ್ತಿ ಒಳಕ್ಕೆ ಒಂದು ಸಲ, ಪೂರ್ತಿ ಹೊರಕ್ಕೆ ಒಂದು ಸಲ ಮಡಚಿ ನೋಡಿ. ಎಲ್ಲೂ ಬಕೆಟ್ ಕೂರುವ ತೋಳಿಗೆ (ಆರ್ಮ್‌ಗೆ) ತಾಗಬಾರದು. ತಾಗಿದರೆ ಆ ಬಕೆಟ್ ಎಷ್ಟೇ ಅಗ್ಗಕ್ಕೆ ಸಿಕ್ಕಿದ್ದರೂ ವಾಪಸ್ ಕೊಟ್ಟುಬಿಡಿ.

ನಮಸ್ಕಾರ.